ಎಪ್ಪತ್ತು ಮಂದಿಯ ಬಿ.ಕಾಂ. ತರಗತಿ: ಪಾಠ ತಲೆಗೆ ಹೋಯಿತೋ ಇಲ್ಲವೋ ಅಂತ ಅಂದೇ ತಿಳಿಯುವುದು ಹೇಗೆ?

ಪ್ರಶ್ನೆ: ದಕ್ಷಿಣಕೊಡಗು_ಕಾಮರ್ಸ್

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ಕಡೆಯ ಪದವಿ ಕಾಲೇಜಿನಲ್ಲಿ ಬಿ.ಕಾಂ. ಮೊದಲ ವರ್ಷಕ್ಕೆ ಫೈನಾನ್ಷಿಯಲ್ ಅಕೌಂಟಿಂಗ್ ಪಾಠ ಮಾಡುತ್ತೇನೆ. ತರಗತಿಯಲ್ಲಿ 72 ಮಕ್ಕಳು. ಅರ್ಧಕ್ಕಿಂತ ಹೆಚ್ಚು ಮಂದಿ ಕನ್ನಡ ಮಾಧ್ಯಮದಿಂದ ಬಂದವರು, ಹತ್ತು ಹನ್ನೆರಡು ಮಂದಿ ಪಿಯುಸಿಯಲ್ಲಿ ಆರ್ಟ್ಸ್ ಓದಿದವರು. ಮನೆಯಲ್ಲಿ ಆಡುವ ಮಾತು ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ, ಹೀಗೆ ಒಬ್ಬೊಬ್ಬರದು ಒಂದೊಂದು.

"ಅರ್ಥ ಆಯ್ತಾ?" ಅಂದರೆ "ಆಯ್ತು ಸರ್" ಎಂದು ಮುಂದಿನ ಎರಡು ಬೆಂಚಿನಿಂದ ಉತ್ತರ ಬರುತ್ತದೆ. ಇಂಟರ್ನಲ್ಸ್ ಪೇಪರ್ ತಿದ್ದುವಾಗಷ್ಟೇ ನಿಜ ಗೊತ್ತಾಗುವುದು, ಆ ಹೊತ್ತಿಗೆ ಎರಡು ಯುನಿಟ್ ಮುಂದೆ ಹೋಗಿರುತ್ತದೆ. ಮೊಬೈಲ್ ಆ್ಯಪ್ ಬೇಡ, ತರಗತಿಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಪ್ರೊಜೆಕ್ಟರ್ ಇದೆ, ಮಳೆಗಾಲದಲ್ಲಿ ಕರೆಂಟ್ ನಂಬುವಂತಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಶೀಟಿನ ಮೇಲೆ ಮಳೆ ಬಿದ್ದರೆ ನಾಲ್ಕನೇ ಬೆಂಚಿಗೆ ನನ್ನ ಧ್ವನಿ ಮುಟ್ಟುವುದಿಲ್ಲ. ಕಾಫಿ ಕೊಯ್ಲು ಶುರುವಾದರೆ ಕೆಲವರು ವಾರಗಟ್ಟಲೆ ಬರುವುದಿಲ್ಲ. 55 ನಿಮಿಷದ ಪೀರಿಯಡ್‌ನಲ್ಲಿ, ಬರೀ ಕಾಗದ ಮತ್ತು ಬೋರ್ಡು ಇಟ್ಟುಕೊಂಡು ಏನು ಮಾಡಬಹುದು?

ಉತ್ತರ 1: ತಡಿಯಂಡಮೋಳ್

ಸರ್, ಮೊದಲು "ಅರ್ಥ ಆಯ್ತಾ?" ಅನ್ನುವ ಪ್ರಶ್ನೆಯನ್ನೇ ಬಿಡಿ. ಅರ್ಥವಾಗದವನಿಗೆ ತನಗೆ ಅರ್ಥವಾಗಿಲ್ಲ ಎಂಬುದೂ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಎಪ್ಪತ್ತು ಜನರ ಮುಂದೆ ಹೇಳುವುದಿಲ್ಲ. ಅದರ ಜಾಗದಲ್ಲಿ ಪೀರಿಯಡ್‌ಗೆ ಒಂದೇ ಒಂದು ನಾಲ್ಕು ಆಯ್ಕೆಯ ಪ್ರಶ್ನೆ ಇಡಿ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಿಂದ ದೊಡ್ಡ ತರಗತಿಗಳಲ್ಲಿ ಬಳಕೆಗೆ ತಂದ ಕ್ರಮ ಇದು. ಇದಕ್ಕೆ ಯಂತ್ರ ಬೇಕಿಲ್ಲ.

ಸಲಕರಣೆ: ಪ್ರತಿಯೊಬ್ಬರೂ ಒಂದು ಎ4 ಹಾಳೆಯನ್ನು ನಾಲ್ಕಾಗಿ ಮಡಚಿ, ನಾಲ್ಕು ಮುಖದಲ್ಲಿ ಎ, ಬಿ, ಸಿ, ಡಿ ಎಂದು ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆದುಕೊಳ್ಳಲಿ. ನೋಟ್‌ಬುಕ್ಕಿನ ಹಿಂದೆ ಇಟ್ಟುಕೊಂಡರೆ ಸೆಮಿಸ್ಟರ್ ಪೂರ್ತಿ ಬರುತ್ತದೆ. ಹಾಳೆ ಮರೆತವರು ಎದೆಯ ಹತ್ತಿರ ಒಂದರಿಂದ ನಾಲ್ಕು ಬೆರಳು ತೋರಿಸಲಿ. ಕೈ ಮೇಲೆತ್ತಿದರೆ ಹಿಂದಿನವರು ಮುಂದಿನವರನ್ನು ನೋಡಿ ಬದಲಿಸುತ್ತಾರೆ, ಆದ್ದರಿಂದ ಎದೆಯ ಹತ್ತಿರವೇ ಹಿಡಿಯಬೇಕು.

ಇಡೀ ಕೆಲಸದ ಜೀವ ಇರುವುದು ತಪ್ಪು ಆಯ್ಕೆಗಳಲ್ಲಿ. ಸವಕಳಿ (ಬಳಕೆಯಿಂದ, ಕಾಲ ಕಳೆದಂತೆ ಆಸ್ತಿಯ ಬೆಲೆ ಇಳಿಯುವುದು) ಪಾಠದಿಂದಲೇ ಉದಾಹರಣೆ ಕೊಡುತ್ತೇನೆ. ಇದರಲ್ಲಿ ಡಬ್ಲ್ಯೂ.ಡಿ.ವಿ. ಅಂದರೆ ಪ್ರತಿ ವರ್ಷ ಉಳಿದ ಬೆಲೆಗೆ ದರ ಹಾಕುವ ಪದ್ಧತಿ:

ತೋಟಕ್ಕೆ 1,20,000 ರೂಪಾಯಿಗೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಕೊಂಡಿದ್ದಾರೆ. ಆಯಸ್ಸು 10 ವರ್ಷ, ಗುಜರಿ ಬೆಲೆ 20,000. ಡಬ್ಲ್ಯೂ.ಡಿ.ವಿ. ಪದ್ಧತಿಯಲ್ಲಿ ಶೇ. 10ರ ದರ ಕೊಟ್ಟಿದ್ದಾರೆ. ಮೂರನೇ ವರ್ಷದ ಸವಕಳಿ ಎಷ್ಟು?
ಎ) 12,000 ಬಿ) 10,000 ಸಿ) 9,720 ಡಿ) 8,100

ಸರಿಯುತ್ತರ ಸಿ. ಮೊದಲ ವರ್ಷ 12,000 ಹೋಗಿ 1,08,000 ಉಳಿಯಿತು, ಎರಡನೇ ವರ್ಷ 10,800 ಹೋಗಿ 97,200 ಉಳಿಯಿತು, ಅದರ ಶೇ. 10 ಅಂದರೆ 9,720. ಎ ಹಿಡಿದವನು ಪ್ರತಿ ವರ್ಷವೂ ಮೂಲ ಬೆಲೆಗೇ ದರ ಹಾಕಿದ್ದಾನೆ. ಬಿ ಹಿಡಿದವನು ಸ್ಟ್ರೈಟ್ ಲೈನ್ ಪದ್ಧತಿಗೆ, ಅಂದರೆ ಗುಜರಿ ಬೆಲೆ ಕಳೆದು ಉಳಿದದ್ದನ್ನು ವರ್ಷಗಳಿಗೆ ಸಮನಾಗಿ ಹಂಚುವುದಕ್ಕೆ ಜಾರಿದ್ದಾನೆ. ಡಿ ಹಿಡಿದವನು ಮೊದಲೇ ಗುಜರಿ ಬೆಲೆ ಕಳೆದು 1,00,000ದಿಂದ ಶುರು ಮಾಡಿದ್ದಾನೆ. ದರ ಕೊಟ್ಟಿರುವಾಗ ಹಾಗೆ ಕಳೆಯಬಾರದು ಎಂಬುದೇ ಅವನಿಗೆ ತಿಳಿಯದ ಅಂಶ. ಯಾವ ಅಕ್ಷರ ಎಷ್ಟು ಕಂಡಿತು ಎಂದು ನೋಡಿದ ತಕ್ಷಣ ಯಾವ ತಪ್ಪನ್ನು ತಿದ್ದಬೇಕು ಎಂದು ನಿಮಗೆ ಗೊತ್ತಾಗುತ್ತದೆ. ಬಾಯಿಗೆ ಬಂದ ಸಂಖ್ಯೆಗಳನ್ನು ತಪ್ಪು ಆಯ್ಕೆಗಳಾಗಿ ಇಟ್ಟರೆ ಈ ಲಾಭ ಇಲ್ಲ. ಹಳೆಯ ಇಂಟರ್ನಲ್ಸ್ ಪೇಪರ್‌ಗಳನ್ನು ಬಿಸಾಡಬೇಡಿ, ಮಕ್ಕಳು ಮಾಡಿದ ತಪ್ಪು ಉತ್ತರಗಳೇ ನಿಮ್ಮ ಆಯ್ಕೆಗಳು.

ನಡೆಸುವ ಕ್ರಮ: ಪ್ರಶ್ನೆ ಬೋರ್ಡಿನಲ್ಲಿ. ಎರಡು ನಿಮಿಷ ಒಬ್ಬೊಬ್ಬರೇ, ಮಾತಿಲ್ಲದೆ ಲೆಕ್ಕ ಮಾಡಿ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ನೀವು "ತೋರಿಸಿ" ಅಂದಾಗ ಎಲ್ಲರೂ ಒಟ್ಟಿಗೆ ಹಾಳೆ ತೋರಿಸಬೇಕು. ಸರಿಯುತ್ತರ ಶೇ. 30ಕ್ಕಿಂತ ಕಡಿಮೆ ಇದ್ದರೆ ಚರ್ಚೆ ಬೇಡ, ಪಾಠವನ್ನೇ ಬೇರೆ ದಾರಿಯಿಂದ ಮತ್ತೆ ಹೇಳಿ. ಗೊತ್ತಿಲ್ಲದವರು ಗೊತ್ತಿಲ್ಲದವರಿಗೆ ಹೇಳಿಕೊಟ್ಟರೆ ತಪ್ಪು ಗಟ್ಟಿಯಾಗುತ್ತದೆ ಅಷ್ಟೆ. 30ರಿಂದ 70ರ ನಡುವೆ ಇದ್ದರೆ ಸರಿಯುತ್ತರ ಹೇಳದೆ ಮೂರು ನಿಮಿಷ ಪಕ್ಕದವರ ಜೊತೆ ಮಾತಾಡಲು ಬಿಟ್ಟು ಮತ್ತೆ ತೋರಿಸಲು ಹೇಳಿ. 70 ದಾಟಿದ್ದರೆ ಒಂದು ನಿಮಿಷದ ವಿವರಣೆ ಸಾಕು, ಮುಂದೆ ಹೋಗಿ. ಎಲ್ಲ ಸೇರಿ ಏಳೆಂಟು ನಿಮಿಷ.

ಹೆಚ್ಚಿನವರು ಎಡವುವುದು ಒಂದೇ ಕಡೆ: ಮೊದಲ ಸಲ ಹಾಳೆ ತೋರಿಸಿದಾಗ "ಓ, ಸಿ ಸರಿ" ಎಂದು ಬಾಯಿ ಬಿಡುವುದು, ಅಥವಾ ಸಿ ಹಿಡಿದವರ ಕಡೆ ನೋಡಿ ನಗುವುದು. ಅಲ್ಲಿಗೆ ಯೋಚನೆ ನಿಂತುಹೋಗುತ್ತದೆ.

ಉತ್ತರ 2: ಹಾರಂಗಿ_ದಂಡೆ

ತಡಿಯಂಡಮೋಳ್ ಅವರು ಹೇಳಿದ್ದಕ್ಕೆ ಎರಡು ಸೇರಿಸುತ್ತೇನೆ. ಒಂದು ಪೀರಿಯಡ್‌ನ ಕೊನೆಗೆ, ಇನ್ನೊಂದು ಮಾರನೇ ದಿನದ ಶುರುವಿಗೆ.

ಕೊನೆಯ ನಾಲ್ಕು ನಿಮಿಷ ಚೀಟಿ. ಒಂದು ನೋಟ್‌ಬುಕ್ ಹಾಳೆಯಿಂದ ನಾಲ್ಕು ಚೀಟಿ ಬರುತ್ತವೆ, 72 ಮಂದಿಗೆ 18 ಹಾಳೆ ಸಾಕು. ಎರಡೇ ಸಾಲು ಬರೆಯಬೇಕು: ಇವತ್ತು ಕಲಿತದ್ದರಲ್ಲಿ ಮುಖ್ಯವಾದದ್ದು ಯಾವುದು, ಇನ್ನೂ ಗೊಂದಲ ಇರುವುದು ಎಲ್ಲಿ. ಹೆಸರು ಬೇಡ. ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಬರೆಯಬಹುದು ಎಂದು ಬಾಯಿಬಿಟ್ಟು ಹೇಳಿ, ಹೇಳದಿದ್ದರೆ ಇಂಗ್ಲಿಷಿಗೆ ಹೆದರಿ ಖಾಲಿ ಕೊಡುತ್ತಾರೆ. ನೀವು ಅದನ್ನು ತಿದ್ದಬೇಕಿಲ್ಲ. ಸ್ಟಾಫ್ ರೂಮಿನಲ್ಲಿ ಕೂತು ಮೂರು ಗುಡ್ಡೆ ಮಾಡಿ: ಹಿಡಿದಿದ್ದಾರೆ, ಅರ್ಧ ಹಿಡಿದಿದ್ದಾರೆ, ಹಿಡಿದಿಲ್ಲ. ಹತ್ತು ನಿಮಿಷದ ಕೆಲಸ. ಮೂರನೇ ಗುಡ್ಡೆಯಲ್ಲಿ ಪದೇಪದೇ ಬರುವ ಒಂದು ಗೊಂದಲವನ್ನು ಮಾರನೇ ದಿನ ಎಲ್ಲಕ್ಕಿಂತ ಮೊದಲು ಬಿಡಿಸಿ, "ನಿಮ್ಮ ಚೀಟಿಯಲ್ಲಿ ಇದು ಬಂದಿತ್ತು" ಎಂದೇ ಶುರು ಮಾಡಿ. ಚೀಟಿ ತೆಗೆದುಕೊಂಡು ಏನೂ ಹೇಳದಿದ್ದರೆ ಮೂರನೇ ವಾರಕ್ಕೆ ಎಲ್ಲರೂ "ಎಲ್ಲ ಅರ್ಥವಾಯಿತು" ಎಂದು ಬರೆಯತೊಡಗುತ್ತಾರೆ.

ಮಾರನೇ ದಿನದ ಶುರುವಿಗೆ, ಅಟೆಂಡೆನ್ಸ್ ಹಾಕುವ ಹೊತ್ತಿನಲ್ಲಿ, ಬೋರ್ಡಿನಲ್ಲಿ ಮೂರು ಸಣ್ಣ ಪ್ರಶ್ನೆ: ಒಂದು ನಿನ್ನೆಯದು, ಒಂದು ಹೋದ ವಾರದ್ದು, ಒಂದು ಹೋದ ತಿಂಗಳದ್ದು. ಪುಸ್ತಕ ಮುಚ್ಚಿ ಬರೆಯಬೇಕು, ಆಮೇಲೆ ತಾವೇ ತಿದ್ದಿಕೊಳ್ಳಬೇಕು, ಅಂಕ ಇಲ್ಲ. ಮಕ್ಕಳು ಓದುವುದೆಂದರೆ ನೋಟ್ಸನ್ನು ಮತ್ತೆ ಮತ್ತೆ ಓದುವುದು ಎಂದುಕೊಂಡಿದ್ದಾರೆ. ರೋಡಿಗರ್ ಮತ್ತು ಕಾರ್ಪಿಕ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನೇ ಪರೀಕ್ಷಿಸಿದರು. ಒಂದು ಗದ್ಯಭಾಗವನ್ನು ಎರಡು ಸಲ ಓದಿದವರು ಐದು ನಿಮಿಷದ ನಂತರ ಶೇ. 81 ನೆನಪಿಟ್ಟಿದ್ದರು, ಒಮ್ಮೆ ಓದಿ ಒಮ್ಮೆ ಪುಸ್ತಕ ಮುಚ್ಚಿ ಬರೆದವರು ಶೇ. 75. ಒಂದು ವಾರದ ನಂತರ ಲೆಕ್ಕ ತಿರುಗಿತು: ಬರೀ ಓದಿದವರಿಗೆ 42, ಬರೆದವರಿಗೆ 56. ಓದಿದ ಕೂಡಲೇ "ಬಂತು" ಅನ್ನಿಸುವುದು ಯಾಕೆ, ಪರೀಕ್ಷೆ ಹೊತ್ತಿಗೆ ಅದು ಕೈಕೊಡುವುದು ಯಾಕೆ ಅಂತ ಈ ನಾಲ್ಕು ಸಂಖ್ಯೆಗಳಲ್ಲೇ ಇದೆ. ಇದನ್ನು ಮಕ್ಕಳಿಗೂ ಬೋರ್ಡಿನಲ್ಲಿ ಬರೆದು ತೋರಿಸಿ. ಯಾಕೆ ಮಾಡಿಸುತ್ತಿದ್ದೀರಿ ಎಂದು ತಿಳಿದರೆ ಮನಸ್ಸಿಟ್ಟು ಮಾಡುತ್ತಾರೆ.

ಉತ್ತರ 3: ಕಾವೇರಿತೀರ_ಭಾಷೆ

ಕನ್ನಡ ಮಾಧ್ಯಮದ ಮಕ್ಕಳ ವಿಷಯಕ್ಕೆ ಯಾರೂ ಬರಲಿಲ್ಲ, ನಾನು ಅದನ್ನೇ ಬರೆಯುತ್ತೇನೆ. ಹೊಸ ಪದ ಗೊತ್ತಿಲ್ಲದಿರುವುದು ಸಣ್ಣ ಸಮಸ್ಯೆ. ಗೊತ್ತಿರುವ ಪದ ಪಾಠದಲ್ಲಿ ಬೇರೆ ಅರ್ಥ ಕೊಡುವುದು ದೊಡ್ಡ ಸಮಸ್ಯೆ.

ನಿಮ್ಮ ವಿಷಯದ್ದೇ "ಕ್ರೆಡಿಟ್" ತೆಗೆದುಕೊಳ್ಳಿ. ಖಾತೆಗೆ ಸ್ಕಾಲರ್‌ಶಿಪ್ ಬಂದಾಗ ಬ್ಯಾಂಕಿನಿಂದ ಬರುವ ಎಸ್ಸೆಮ್ಮೆಸ್‌ನಲ್ಲಿ "ಕ್ರೆಡಿಟೆಡ್" ಅಂತ ಇರುತ್ತದೆ. ಆದ್ದರಿಂದ ಕ್ರೆಡಿಟ್ ಅಂದರೆ ದುಡ್ಡು ಬಂತು ಎಂದು ಆ ಹುಡುಗಿ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡು ಬಂದಿದ್ದಾಳೆ. ನೀವು ಕ್ಯಾಶ್ ಬುಕ್ಕಿನಲ್ಲಿ ದುಡ್ಡು ಬಂದರೆ ಡೆಬಿಟ್ ಅನ್ನುತ್ತೀರಿ. ಅವಳು ಬಾಯಿಪಾಠ ಮಾಡುತ್ತಾಳೆ, ಒಳಗೆ ನಂಬುವುದಿಲ್ಲ, ಬ್ಯಾಂಕ್ ರಿಕನ್ಸಿಲಿಯೇಷನ್ (ನಮ್ಮ ಪುಸ್ತಕವನ್ನು ಬ್ಯಾಂಕಿನ ಲೆಕ್ಕದ ಜೊತೆ ತಾಳೆ ನೋಡುವುದು) ಬಂದಾಗ ಎಲ್ಲ ತಲೆಕೆಳಗಾಗುತ್ತದೆ. ಬಿಡಿಸುವ ದಾರಿ ಒಂದೇ: ಆ ಎಸ್ಸೆಮ್ಮೆಸ್ ಬ್ಯಾಂಕಿನ ಪುಸ್ತಕದಿಂದ ಬಂದದ್ದು. ನಿಮ್ಮ ದುಡ್ಡು ಬ್ಯಾಂಕಿಗೆ ಸಾಲ, ಅದು ನಿಮಗೆ ವಾಪಸ್ ಕೊಡಬೇಕಾದದ್ದು, ಹಾಗಾಗಿ ಅವರ ಪುಸ್ತಕದಲ್ಲಿ ನೀವು ಕ್ರೆಡಿಟ್. ನಿಮ್ಮ ಪುಸ್ತಕದಲ್ಲಿ ಅದೇ ದುಡ್ಡು ನಿಮ್ಮ ಆಸ್ತಿ, ಹಾಗಾಗಿ ಡೆಬಿಟ್. ಬೋರ್ಡನ್ನು ಎರಡು ಭಾಗ ಮಾಡಿ, ಎಡಕ್ಕೆ "ಬ್ಯಾಂಕಿನ ಪುಸ್ತಕ", ಬಲಕ್ಕೆ "ನನ್ನ ಪುಸ್ತಕ" ಎಂದು ಬರೆದು, ಒಂದೇ 5,000 ರೂಪಾಯಿಯನ್ನು ಎರಡೂ ಕಡೆ ಹಾಕಿ ತೋರಿಸಿ.

ಪ್ರತಿ ಯುನಿಟ್‌ಗೆ ಇಂಥ ಎಂಟು ಹತ್ತು ಪದ ಆರಿಸಿ. ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಮೂರು ಅಂಕಣ: ಇಂಗ್ಲಿಷ್ ಪದ, ಪಾಠದಲ್ಲಿ ಅದರ ಅರ್ಥ ಕನ್ನಡದಲ್ಲಿ, ತಮ್ಮದೇ ಒಂದು ವಾಕ್ಯ. ಮೂರನೆಯ ಅಂಕಣವನ್ನು ನೀವು ಬರೆಸಬೇಡಿ. ಪಕ್ಕದವರ ಜೊತೆ ಚರ್ಚೆ ಯಾವ ಭಾಷೆಯಲ್ಲಾದರೂ ನಡೆಯಲಿ, ಕೊಡವ ತಕ್ಕ್‌ನಲ್ಲೋ ಮಲಯಾಳದಲ್ಲೋ ಮಾತಾಡಿದರೆ ಯಾವ ನಷ್ಟವೂ ಇಲ್ಲ. ಕೊನೆಗೆ ಉತ್ತರ ಬರೆಯುವಾಗ ಪರೀಕ್ಷೆಯ ಭಾಷೆಗೆ ತಂದರೆ ಸಾಕು.

ದಕ್ಷಿಣಕೊಡಗು_ಕಾಮರ್ಸ್

ಎಲ್ಲರಿಗೂ ಧನ್ಯವಾದ. ಎಸ್ಸೆಮ್ಮೆಸ್ ಉದಾಹರಣೆ ನಾಳೆಯೇ ಹೇಳುತ್ತೇನೆ. ಮೂರು ಸಂಶಯ ಉಳಿದಿವೆ. ಚರ್ಚೆಗೆ ಬಿಟ್ಟರೆ ತರಗತಿ ಸಂತೆಯಾಗುತ್ತದೆ. ಹಾಡಿಗಳಿಂದ (ಆದಿವಾಸಿ ವಸತಿಗಳಿಂದ) ಬರುವ ಮೂರ್ನಾಲ್ಕು ಮಕ್ಕಳು ಯಾರ ಜೊತೆಯೂ ಬಾಯಿ ಬಿಡುವುದಿಲ್ಲ. ಇದಕ್ಕೆಲ್ಲ ಹೊತ್ತು ಕೊಟ್ಟರೆ ಪೋರ್ಷನ್ ಮುಗಿಯುವುದು ಹೇಗೆ?

ತಡಿಯಂಡಮೋಳ್

ಸರ್, ಸಂತೆಯಾಗುವುದು ಕೆಲಸ ಅಸ್ಪಷ್ಟವಾಗಿದ್ದಾಗ. "ಚರ್ಚೆ ಮಾಡಿ" ಅನ್ನಬೇಡಿ. "ನಿಮ್ಮ ಪಕ್ಕದವರ ಉತ್ತರ ಬೇರೆ ಇದ್ದರೆ ಎರಡನೇ ವರ್ಷದ ಕೊನೆಗೆ ಎಷ್ಟು ಉಳಿಯಿತು ಎಂದು ಹೋಲಿಸಿ, ಎಲ್ಲಿ ಬೇರೆಯಾಯಿತು ಎಂದು ಗುರುತಿಸಿ, ಮೂರು ನಿಮಿಷ" ಅನ್ನಿ. ಇಬ್ಬಿಬ್ಬರೇ ಇರಲಿ. ಮೂವರಾದರೆ ಒಬ್ಬ ಕಳಚಿಕೊಳ್ಳುತ್ತಾನೆ, ನಾಲ್ವರಾದರೆ ಇಬ್ಬರು. ಹೊತ್ತು ಮುಗಿದಾಗ ಕೂಗಬೇಡಿ, ಮಳೆಯಲ್ಲಿ ಹೇಗೂ ಕೇಳುವುದಿಲ್ಲ; ನೀವು ಕೈ ಎತ್ತಿದರೆ ನೋಡಿದವರೆಲ್ಲ ಕೈ ಎತ್ತಿ ಮಾತು ನಿಲ್ಲಿಸುವುದು ಎಂದು ಮೊದಲ ವಾರವೇ ರೂಢಿ ಮಾಡಿಸಿ.

ಬಾಯಿ ಬಿಡದವರ ಬಗ್ಗೆ: ಹೆಸರು ಕರೆದು ನಿಲ್ಲಿಸಬೇಡಿ. "ನೀವಿಬ್ಬರು ಏನು ಬರೆದಿದ್ದೀರಿ?" ಎಂದು ಜೋಡಿಯನ್ನು ಕೇಳಿ, ಓದಿ ಹೇಳಲು ಬಿಡಿ. ಬರೆದದ್ದನ್ನು ಓದುವುದಕ್ಕೆ ಧೈರ್ಯ ಕಡಿಮೆ ಸಾಕು. ಜೋಡಿಯನ್ನು ತಿಂಗಳವರೆಗೆ ಬದಲಿಸಬೇಡಿ, ಸಲಿಗೆ ಬೆಳೆಯಲು ಹೊತ್ತು ಬೇಕು. ಪ್ರಶ್ನೆ ಕೇಳಿದ ಮೇಲೆ ಸುಮ್ಮನೆ ಕಾಯುವುದನ್ನೂ ಕಲಿಯಬೇಕು. ಅಮೆರಿಕದ ಮೇರಿ ಬಡ್ ರೋ ಅಳೆದು ನೋಡಿದಾಗ ಶಿಕ್ಷಕರು ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಮಾತಾಡತೊಡಗಿದರು. ಎರಡನೇ ಭಾಷೆಯಲ್ಲಿ ಯೋಚಿಸುವ ಮಕ್ಕಳಿಗೆ ನಾನಾದರೆ ಹತ್ತು ಸೆಕೆಂಡ್ ಕೊಡಿ ಅನ್ನುತ್ತೇನೆ.

ಪೋರ್ಷನ್: ನೋಟ್ಸ್ ಬರೆಸುವುದಕ್ಕೆ ಎಷ್ಟು ಹೊತ್ತು ಹೋಗುತ್ತದೆ, ಒಮ್ಮೆ ಗಡಿಯಾರ ನೋಡಿ. ಒಂದು ಪುಟ ಬರೆಸಲು ಹತ್ತು ಹನ್ನೆರಡು ನಿಮಿಷ, ಎರಡು ಪುಟಕ್ಕೆ ಪೀರಿಯಡ್‌ನ ಹತ್ತಿರ ಹತ್ತಿರ ಅರ್ಧ. ಆ ನೋಟ್ಸನ್ನು ಝೆರಾಕ್ಸ್ ಮಾಡಿಸಿ ಕೊಡಿ, ಆದರೆ ಪೂರ್ತಿ ಅಲ್ಲ. ಮೊದಲ ಲೆಕ್ಕ ಪೂರ್ಣ ಬಿಡಿಸಿದ್ದು, ಎರಡನೆಯದರಲ್ಲಿ ಕೊನೆಯ ಹಂತ ಖಾಲಿ, ಮೂರನೆಯದರಲ್ಲಿ ಕೊನೆಯ ಎರಡು ಹಂತ ಖಾಲಿ, ನಾಲ್ಕನೆಯದು ಬರೀ ಪ್ರಶ್ನೆ. ಖಾಲಿ ಬಿಟ್ಟದ್ದನ್ನು ತರಗತಿಯಲ್ಲಿ ತುಂಬಬೇಕು. ಹೊಸಬರಿಗೆ ಮೊದಲೇ ಬರೀ ಲೆಕ್ಕ ಕೊಟ್ಟರೆ ಯಾವ ಸಂಖ್ಯೆ ಎಲ್ಲಿ ಹಾಕಲಿ ಎಂದು ತಡಕಾಡುವುದರಲ್ಲೇ ತಲೆ ತುಂಬಿಹೋಗಿ, ಕ್ರಮ ಮನಸ್ಸಿಗೆ ಇಳಿಯುವುದಿಲ್ಲ.

ಒಂದು ಎಚ್ಚರಿಕೆ. ಶುರುವಿನಲ್ಲಿ ಮಕ್ಕಳೇ "ಸರ್ ಪಾಠ ಮಾಡುವುದಿಲ್ಲ, ನಮ್ಮ ಕೈಯಲ್ಲೇ ಮಾಡಿಸುತ್ತಾರೆ" ಎಂದು ದೂರುತ್ತಾರೆ. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಇದೇ ಕಂಡಿತು: ಕೈಯಾರೆ ಮಾಡಿದ ಗುಂಪಿಗೆ ತಾವು ಕಡಿಮೆ ಕಲಿತೆವು ಅನ್ನಿಸಿತ್ತು, ಪರೀಕ್ಷೆಯಲ್ಲಿ ಮಾತ್ರ ಅವರೇ ಹೆಚ್ಚು ತೆಗೆದರು. ಆ ಒಂದು ತಿಂಗಳು ತಡೆದುಕೊಳ್ಳಬೇಕು.

ಉತ್ತರ 4: ಸೋಮವಾರಪೇಟೆ_ಲ್ಯಾಬ್

ಥಿಯರಿಗೆ ನಾಲ್ಕು ಆಯ್ಕೆ ಸರಿ, ಪ್ರಾಕ್ಟಿಕಲ್ಸ್‌ಗೆ ಅದು ಹೊಂದುವುದಿಲ್ಲ. ಅಲ್ಲಿ ಪ್ರಯೋಗಕ್ಕೆ ಮುಂಚೆ ಊಹೆ ಬರೆಸುವುದು ಒಳ್ಳೆಯದು. ಮಣ್ಣಿನ ಪಿಎಚ್ ಅಳೆಯುವ ಪ್ರಯೋಗ ಇದೆ ಅಂದುಕೊಳ್ಳಿ. ಸುಣ್ಣ ಹಾಕಿದ ಕಾಫಿ ತೋಟದ ಮಣ್ಣು, ಸುಣ್ಣ ಕಾಣದ ಕಾಡಂಚಿನ ಮಣ್ಣು, ಎರಡನ್ನೂ ತರಿಸಿ, ಯಾವುದು ಹೆಚ್ಚು ಹುಳಿ, ಯಾಕೆ ಎಂದು ಮೀಟರ್ ಮುಟ್ಟುವ ಮುಂಚೆ ರೆಕಾರ್ಡ್ ಬುಕ್ಕಿನಲ್ಲಿ ಒಂದು ಸಾಲು ಬರೆಸಿ. ಊಹೆ ಬರೆದವನು ರೀಡಿಂಗ್ ಬಂದಾಗ ಅದನ್ನು ನೋಡುವ ರೀತಿಯೇ ಬೇರೆ. ರೀಡಿಂಗ್ ವಿಚಿತ್ರ ಬಂದರೆ ನೀವೇ ತಿದ್ದಿ ಕೊಡಬೇಡಿ. ಪಿಎಚ್ 4 ಮತ್ತು 7 ಎಂದು ಗೊತ್ತಿರುವ ಬಫರ್ ದ್ರಾವಣಗಳಲ್ಲಿ ಮೀಟರ್ ಹೊಂದಿಸಿದ್ದೆಯಾ, ಮಣ್ಣು ನೀರಿನ ಪ್ರಮಾಣ 1:2.5 ಇಟ್ಟೆಯಾ, ಕಲಕಿದೆಯಾ, ಈ ಮೂರು ಕೇಳಿ ವಾಪಸ್ ಕಳಿಸಿ.

ಉತ್ತರ 5: ಹಾರಂಗಿ_ದಂಡೆ

ಮಳೆ ಮತ್ತು ಕೊಯ್ಲಿನ ಬಗ್ಗೆ ಉತ್ತರ ಬಾಕಿ ಇತ್ತು.

ಮಳೆಗಾಲದ ಪೀರಿಯಡನ್ನು ಬೇರೆಯಾಗಿಯೇ ಹೊಂದಿಸಿಕೊಳ್ಳಿ. ವಿವರಣೆ ಬೇಕಾದ ಹೊಸ ಪಾಠವನ್ನು ಮಳೆ ಬಿಟ್ಟ ಪೀರಿಯಡ್‌ಗೆ ಇಟ್ಟು, ಶೀಟು ಅಬ್ಬರಿಸುವಾಗ ಖಾಲಿ ಹಂತ ತುಂಬುವ ಹಾಳೆ ಕೈಗೆ ಕೊಡಿ. ಅಂಥ ಹಾಳೆ ಎರಡು ಪೀರಿಯಡ್‌ಗೆ ಆಗುವಷ್ಟು ಯಾವಾಗಲೂ ಕಪಾಟಿನಲ್ಲಿರಲಿ. ಮಂಜು ಮುಸುಕಿ ಬೆಳಕು ಕಮ್ಮಿಯಾದ ದಿನ ಹಿಂದಿನ ಬೆಂಚಿಗೆ ಬೋರ್ಡು ಕಾಣುವುದಿಲ್ಲ, ಆದ್ದರಿಂದ ಅಕ್ಷರ ಎರಡು ಅಂಗುಲಕ್ಕೆ ಕಡಿಮೆ ಬೇಡ, ಬೋರ್ಡಿನ ಕೆಳಗಿನ ಕಾಲು ಭಾಗ ಬಿಟ್ಟುಬಿಡಿ.

ಕೊಯ್ಲಿಗೆ ಹೋಗುವ ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಅರೇಬಿಕಾ ಮುಗಿಯುವ ಹೊತ್ತಿಗೆ ರೊಬಸ್ಟಾ ಶುರು, ಆ ದುಡಿಮೆಯಲ್ಲೇ ಕೆಲವರ ಫೀಸು ಹುಟ್ಟುತ್ತದೆ. ಪ್ರತಿ ವಾರಕ್ಕೆ ಒಂದೇ ಪುಟದ "ತಪ್ಪಿದ ಪಾಠದ ಹಾಳೆ" ಮಾಡಿ ಲೈಬ್ರರಿಯಲ್ಲಿ ಒಂದು ಫೈಲಿನಲ್ಲಿ ಇಡಿ: ಆ ವಾರದ ಮುಖ್ಯ ವಿಷಯ ಐದು ಸಾಲು, ಬಿಡಿಸಿದ ಲೆಕ್ಕ ಒಂದು, ಬಿಡಿಸಬೇಕಾದದ್ದು ಎರಡು. ವಾಪಸ್ ಬಂದವರು ಆ ಎರಡು ಲೆಕ್ಕ ತೋರಿಸಿದ ಮೇಲೆ ಜೋಡಿಯವರು ಹತ್ತು ನಿಮಿಷ ಹೇಳಿಕೊಡಲಿ. ಇಡೀ ನೋಟ್ಸ್ ಕಾಪಿ ಮಾಡಲು ಕಳಿಸಬೇಡಿ, ಕೈ ಬರೆಯುತ್ತದೆ, ತಲೆ ಕೆಲಸ ಮಾಡುವುದಿಲ್ಲ. ಅಟೆಂಡೆನ್ಸ್ ಕೊರತೆಯ ಲೆಕ್ಕವನ್ನು ಕೊಯ್ಲು ಶುರುವಾಗುವ ಮುಂಚೆಯೇ ಪ್ರತಿಯೊಬ್ಬರಿಗೂ ಬರೆದು ಕೊಡಿ, ಎಷ್ಟು ದಿನ ತಪ್ಪಿಸಬಹುದು ಎಂದು ಅವರೇ ಮನೆಯಲ್ಲಿ ಹೇಳಬಹುದು.

ಇಂಟರ್ನಲ್ಸ್ ಪೇಪರ್ ಬಗ್ಗೆಯೂ ಒಂದು ಮಾತು. 72 ಪೇಪರ್‌ನಲ್ಲೂ ಅದೇ ತಪ್ಪನ್ನು ಅದೇ ಮಾತಿನಲ್ಲಿ ಬರೆಯುತ್ತಾ ಕೂರಬೇಡಿ. ತಪ್ಪುಗಳಿಗೆ ಸಂಖ್ಯೆ ಕೊಡಿ: 1 ಅಂದರೆ ತಪ್ಪು ಖಾತೆ, 2 ಡೆಬಿಟ್ ಕ್ರೆಡಿಟ್ ಅದಲು ಬದಲು, 3 ಕೂಡುವ ಕಳೆಯುವ ತಪ್ಪು, 4 ನಿರೂಪಣೆ (ನಮೂದಿನ ಕೆಳಗಿನ ಚಿಕ್ಕ ವಿವರಣೆ) ಬರೆದಿಲ್ಲ. ಮಾರ್ಜಿನ್‌ನಲ್ಲಿ ಬರೀ ಸಂಖ್ಯೆ, ಪಟ್ಟಿ ಬೋರ್ಡಿನಲ್ಲಿ. ಅಂಕವನ್ನು ಪೇಪರ್ ಮೇಲೆ ಬರೆಯದೆ ನಿಮ್ಮ ಪುಸ್ತಕದಲ್ಲಿ ಇಟ್ಟುಕೊಳ್ಳಿ, ಮಕ್ಕಳು ತಿದ್ದಿ ತೋರಿಸಿದ ಮೇಲೆ ಹೇಳಿ. ರೂತ್ ಬಟ್ಲರ್ ಅವರು 1988ರಲ್ಲಿ ಶಾಲಾ ಮಕ್ಕಳ ಮೇಲೆ ಮಾಡಿದ ಅಧ್ಯಯನದಲ್ಲಿ, ಬರೀ ಟಿಪ್ಪಣಿ ಸಿಕ್ಕವರು ಮುಂದಿನ ಕೆಲಸದಲ್ಲಿ ಸುಧಾರಿಸಿದರು, ಟಿಪ್ಪಣಿಯ ಜೊತೆ ಅಂಕವೂ ಸಿಕ್ಕವರಿಗೆ ಆ ಲಾಭ ಸಿಗಲಿಲ್ಲ. ಕಾಲೇಜಿನಲ್ಲೂ ಅಂಕ ಕಂಡ ಕೂಡಲೇ ಪೇಪರ್ ಮಡಚಿ ಬ್ಯಾಗಿಗೆ ಹೋಗುತ್ತದೆ.

ದಕ್ಷಿಣಕೊಡಗು_ಕಾಮರ್ಸ್

ಎಲ್ಲವನ್ನೂ ಒಟ್ಟಿಗೆ ಶುರು ಮಾಡುವುದಿಲ್ಲ. ಈ ಸೋಮವಾರದಿಂದ ಚೀಟಿ ಮಾತ್ರ, ಎರಡು ವಾರದ ನಂತರ ನಾಲ್ಕು ಆಯ್ಕೆಯ ಪ್ರಶ್ನೆ. ಸವಕಳಿ ಪಾಠದ ಮೊದಲ ದಿನ ಗೊಂದಲ ಕೇಳುವ ಬದಲು ಒಂದು ಪ್ರಶ್ನೆಯನ್ನೇ ಚೀಟಿಯಲ್ಲಿ ಕೇಳೋಣ ಅಂತಿದ್ದೇನೆ: "ಸವಕಳಿ ಎಂದರೇನು? ಎರಡು ಸಾಲಿನಲ್ಲಿ ಬರೆಯಿರಿ." ಸರಿಯೇ?

ತಡಿಯಂಡಮೋಳ್

ಬೇಡ ಸರ್. ಪುಸ್ತಕದ ವ್ಯಾಖ್ಯೆ 72 ಸಲ ಓದಬೇಕಾಗುತ್ತದೆ. ಹೀಗೆ ಕೇಳಿ: "ಈ ವರ್ಷ ಫಸಲು ಇಲ್ಲದೆ ಪಲ್ಪರ್ ಒಂದು ದಿನವೂ ಓಡಲಿಲ್ಲ. ಸ್ಟ್ರೈಟ್ ಲೈನ್ ಪದ್ಧತಿಯಲ್ಲಿ ಸವಕಳಿ ಹಾಕಬೇಕೇ? ಯಾಕೆ?" ಸವಕಳಿ ಅಂದರೆ ಸವೆಯುವುದು ಮಾತ್ರ ಎಂದುಕೊಂಡವರು ಬೇಡ ಅನ್ನುತ್ತಾರೆ. ಯಂತ್ರ ಸುಮ್ಮನೆ ನಿಂತಿದ್ದರೂ ಅದರ ಆಯಸ್ಸಿನಲ್ಲಿ ಒಂದು ವರ್ಷ ಕಳೆಯಿತು, ಹಳೆಯ ಮಾದರಿಯಾಯಿತು, ಆದ್ದರಿಂದ ಹಾಕಬೇಕು ಎಂದು ಬರೆದವರಿಗೆ ಪಾಠ ಹಿಡಿದಿದೆ. "ಬೇಡ" ಗುಡ್ಡೆ ದೊಡ್ಡದಿದ್ದರೆ ಮಂಗಳವಾರದ ಮೊದಲ ಐದು ನಿಮಿಷ ಅದಕ್ಕೇ ಇಡಿ, ಲೆಕ್ಕಕ್ಕೆ ಆಮೇಲೆ ಕೈ ಹಾಕಿ.